ಬಾಪ ತಂದ ಮಾರುತಿ: ನಿಲ್ಲಿಸಿದರೆ ತುಕ್ಕು, ಓಡಿಸಿದರೆ ಆಸ್ತಿ

ನಮ್ಮ ಕರಾವಳಿಯ ಎಷ್ಟೋ ಬ್ಯಾರಿ ಮನೆಗಳಲ್ಲಿ ಮೊದಲು ಅಂಗಳಕ್ಕೆ ಬಂದ ಕಾರು ಮಾರುತಿ 800. ಗಲ್ಫಿಗೆ ಹೋದವರು ನಾಲ್ಕೈದು ವರ್ಷ ದುಡಿದು, ಮನೆಗೆ ಹಂಚು ಹೊದಿಸಿ, ತಂಗಿಯ ಮದುವೆ ಮಾಡಿ, ಅದರ ನಂತರ ತಂದ ಗಾಡಿ ಅದು. ಉಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಪುದಿಯಾಪ್ಲೆಯನ್ನು ಕರೆತಂದದ್ದು, ಬಜ್ಪೆ ವಿಮಾನ ನಿಲ್ದಾಣಕ್ಕೆ ಕಣ್ಣೀರು ಹಾಕುತ್ತಾ ಹೋಗಿ ಬಂದದ್ದು ಎಲ್ಲ ಅದರಲ್ಲೇ. ಇಂದು ಅಂಥ ಎಷ್ಟೋ ಕಾರುಗಳು ಮನೆ ಹಿಂದೆ ತಾರ್ಪಾಲಿನ ಅಡಿಯಲ್ಲಿ ನಿಂತಿವೆ. ಗುಜರಿಗೆ ಕೊಡಲು ಮನಸ್ಸಿಲ್ಲ, ರಿಪೇರಿಗೆ ಧೈರ್ಯ ಇಲ್ಲ.

ಇಂಥ ಕಾರನ್ನು ಉಳಿಸುವುದು ಕಷ್ಟವಲ್ಲ. ಆದರೆ ಅದನ್ನು ನೆನಪಿನ ಗೊಂಬೆಯಂತೆ ನಿಲ್ಲಿಸಿಟ್ಟರೆ ಉಳಿಯುವುದಿಲ್ಲ, ದಿನಾ ಓಡಿಸಿದರೆ ಮಾತ್ರ ಉಳಿಯುತ್ತದೆ.

ದೇಶದ ಮೊದಲ ಮಾರುತಿ 800ರ ಕಥೆಯೇ ಇದಕ್ಕೆ ಸಾಕ್ಷಿ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ದಿಲ್ಲಿಯ ಹರ್‌ಪಾಲ್ ಸಿಂಗ್ ಅವರಿಗೆ ಅದರ ಕೀಲಿ ಕೊಟ್ಟರು. ಆಗ ಬೆಲೆ 50 ಸಾವಿರ ರೂಪಾಯಿಯ ಒಳಗೇ ಇತ್ತು. ಹರ್‌ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಬಿಡಲಿಲ್ಲ. ಅವರು ಹೋದ ನಂತರ ಕಾರು ಮನೆಯೆದುರು ನಿಂತೇ ತುಕ್ಕು ಹಿಡಿಯಿತು. ಕೊನೆಗೆ ಕಂಪೆನಿಯೇ ಅದನ್ನು ಸರಿಪಡಿಸಿ 2022ರಲ್ಲಿ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಒಬ್ಬರ ಕೈಯಲ್ಲಿ 27 ವರ್ಷ ಬಾಳಿದ ಗಾಡಿಯನ್ನು ಕೆಡಿಸಿದ್ದು ಓಟವಲ್ಲ, ನಿಂತ ವರ್ಷಗಳು.

ದಿಲ್ಲಿಯ ಒಣ ಹವೆಯಲ್ಲೇ ಹೀಗಾದರೆ ನಮ್ಮ ಕಡೆ ಕೇಳುವುದೇ ಬೇಡ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ, ಅದರ ಮೇಲೆ ಕಡಲಿನ ಉಪ್ಪುಗಾಳಿ. ಯಜಮಾನರು ಹನ್ನೊಂದು ತಿಂಗಳು ದಮ್ಮಾಮಿನಲ್ಲೋ ದುಬೈಯಲ್ಲೋ, ಕಾರು ಇಲ್ಲಿ ಒದ್ದೆ ನೆಲದ ಮೇಲೆ. ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಅರ್ಧ ಖಾಲಿ ಟ್ಯಾಂಕಿನೊಳಗೆ ನೀರಿನ ಪಸೆ ಕೂತು ತುಕ್ಕು ಹಿಡಿಯುತ್ತದೆ. ಇಲಿ ವಯರು ಕಡಿಯುತ್ತದೆ. ಪ್ಲಾಸ್ಟಿಕ್ ತಾರ್ಪಾಲು ಇನ್ನೂ ಅಪಾಯ. ಅದು ಮಳೆಯನ್ನು ತಡೆಯುತ್ತದೆ, ಒಳಗಿನ ಪಸೆಯನ್ನು ಹೊರಗೆ ಬಿಡುವುದಿಲ್ಲ.

ಪೈಂಟ್ ಕೊನೆಗೆ, ತಳ ಮೊದಲಿಗೆ

ರಜೆಯಲ್ಲಿ ಬಂದವರು ಮೊದಲು ಹೋಗುವುದು ಪೈಂಟಿಂಗಿಗೆ. ಹೊರಗೆ ಮಿರಮಿರ ಮಿಂಚುತ್ತದೆ, ಎರಡು ಮಳೆಗಾಲ ಕಳೆದರೆ ಗುಳ್ಳೆ ಏಳುತ್ತದೆ. ಯಾಕೆಂದರೆ ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ. ಕೆಲಸ ಶುರುವಾಗಬೇಕಾದದ್ದು ಕೆಳಗಿನಿಂದ. ಒಳಗಿನ ಮ್ಯಾಟ್ ಪೂರ್ತಿ ಎತ್ತಿ ನೆಲ ನೋಡಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯ ತಳ, ಮುಂದಿನ ಗಾಜಿನ ರಬ್ಬರಿನ ಅಂಚು, ಇವೆಲ್ಲ ತುಕ್ಕು ಅಡಗುವ ಜಾಗ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಟಣ್ ಅನ್ನುವ ಬದಲು ಮೆತ್ತಗೆ ದಪ್ ಎಂದರೆ ಅಲ್ಲಿ ತಗಡು ಸತ್ತಿದೆ ಅಂತ ತಿಳಿಯಿರಿ. ಸತ್ತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು, ಪುಟ್ಟಿಯಿಂದ ಮುಚ್ಚಿಸುವುದಲ್ಲ. ನಂತರ ತಳಕ್ಕೆ ಅಂಡರ್‌ಕೋಟಿಂಗ್. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳುಂಟು, ಅವು ಮಣ್ಣು ಕಟ್ಟಿಕೊಳ್ಳದಂತೆ ಪ್ರತಿ ಮಳೆಗಾಲಕ್ಕೆ ಮೊದಲು ಒಂದು ಕಡ್ಡಿ ಹಾಕಿ ಬಿಡಿಸಿದರೆ ಸಾಕು. ಕಾಸು ಖರ್ಚಿಲ್ಲದ ಕೆಲಸ.

ಎರಡನೆಯದು ಬ್ರೇಕ್ ಮತ್ತು ಟಯರ್. ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕ್ ಸಿಲಿಂಡರಿನ ರಬ್ಬರು, ಹೋಸ್, ಬ್ರೇಕ್ ಆಯಿಲ್ ಎಲ್ಲ ಬದಲಾಗಲೇಬೇಕು. ಟಯರಿನ ಹಲ್ಲು ಚೆನ್ನಾಗಿದ್ದರೆ ಸಾಲದು, ವಯಸ್ಸು ನೋಡಿ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬದಿಯಲ್ಲಿ ಬಿರುಕು ಬಿಟ್ಟ ಟಯರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಬೇಡ.

ಮೂರನೆಯದು ಪೆಟ್ರೋಲಿನ ದಾರಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಕಾರ್ಬ್ಯುರೇಟರ್ ಕಾಲದ ಮಾರುತಿಯ ರಬ್ಬರು ಪೈಪುಗಳು ಇದಕ್ಕಾಗಿ ಮಾಡಿದವಲ್ಲ. ಎಥನಾಲ್ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಟ್ಯಾಂಕ್ ಇಳಿಸಿ ತೊಳೆಸಿ, ಪೈಪು, ಫಿಲ್ಟರ್, ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ ಹೊಸತು ಹಾಕಿಸಿ. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ಬೆಂಕಿಯ ಅಪಾಯ ಉಂಟು.

ಇಂಜಿನ್ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ. 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್, ಬಿಚ್ಚಿ ಜೋಡಿಸಲು ಸರಳ. ಆದರೆ ಅದಕ್ಕೆ ಬಿಸಿ ಆಗುವುದಿಲ್ಲ. ರೇಡಿಯೇಟರಿಗೆ ಬಾವಿ ನೀರು ಹೊಯ್ಯುವ ಅಭ್ಯಾಸ ಬಿಟ್ಟು ಕೂಲೆಂಟ್ ಹಾಕಿ. ಬಿಸಿ ಮುಳ್ಳು ಮೇಲೆ ಹೋದರೆ ಅಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ದೊಡ್ಡ ಖರ್ಚಿಗೆ ದಾರಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ಯಾರಿಗೂ ನೆನಪಿಲ್ಲದಿದ್ದರೆ ಬದಲಿಸಿಯೇ ಗಾಡಿ ರಸ್ತೆಗಿಳಿಸಿ.

ಬಿಡಿಭಾಗ ಎಲ್ಲಿಂದ?

ಮಾರುತಿ 800ರ ತಯಾರಿ 2014ರ ಜನವರಿಯಲ್ಲಿ ನಿಂತಿತು. ಆದರೂ ಫಿಲ್ಟರ್, ಬ್ರೇಕ್ ಶೂ, ಪ್ಲಗ್, ಕ್ಲಚ್ ಪ್ಲೇಟಿನಂಥ ಸವೆಯುವ ಸಾಮಾನಿಗೆ ಬಿಡಿಭಾಗದ ಅಂಗಡಿಯಲ್ಲಿ ತೊಂದರೆ ಇಲ್ಲ. ಕಷ್ಟ ಆಗುವುದು ಬಂಪರ್, ಲೈಟು, ಬಾಗಿಲ ಹಿಡಿ, ಗಾಜಿನ ಬೀಡಿಂಗಿನಂಥ ಹೊರಗಿನ ಸಾಮಾನಿಗೆ. 1986ರಲ್ಲಿ ಕಾರಿನ ರೂಪವೇ ಬದಲಾದ್ದರಿಂದ ಅದಕ್ಕಿಂತ ಹಿಂದಿನ ಮಾದರಿಗೆ ಇನ್ನೂ ಕಷ್ಟ. ಇಲ್ಲಿ ನಮ್ಮವರ ಗುಜರಿ ಅಂಗಡಿಗಳೇ ಆಸರೆ. ಗುಜರಿ ವ್ಯಾಪಾರವನ್ನು ತಮಾಷೆ ಮಾಡುವವರಿಗೆ ಗೊತ್ತಿಲ್ಲ, ಒಂದು ಸತ್ತ ಕಾರಿನಿಂದ ನಾಲ್ಕು ಕಾರು ಬದುಕುವುದು ಅಲ್ಲಿಯೇ.

ಆರ್‌ಸಿ ಯಾರ ಹೆಸರಿನಲ್ಲಿ?

ಗಾಡಿ ಸರಿಯಾದರೂ ಕಾಗದ ಸರಿ ಇಲ್ಲದಿದ್ದರೆ ಎಲ್ಲ ವ್ಯರ್ಥ. ನಮ್ಮ ಎಷ್ಟೋ ಮನೆಗಳಲ್ಲಿ ಬಾಪ ತೀರಿಹೋಗಿ ಹತ್ತು ವರ್ಷ ಆದರೂ ಆರ್‌ಸಿ ಅವರ ಹೆಸರಿನಲ್ಲೇ ಇದೆ. ಮೋಟಾರು ವಾಹನ ನಿಯಮದ ಪ್ರಕಾರ ಮಾಲಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಕೂಡ ಅದೇ ಹೆಸರಿಗೆ ಬರಬೇಕು. ನಾಳೆ ಅಪಘಾತವಾಗಿ ಕೋರ್ಟಿಗೆ ಹೋದಾಗ ಈ ಕಾಗದವೇ ಮಾತಾಡುವುದು.

ಇನ್ನೊಂದು ಮಾತು. ಬಾಪನ ಕಾರು ಅಂದರೆ ಅವರು ಬಿಟ್ಟುಹೋದ ಸೊತ್ತು. ಓಡಿಸುವ ಮಗನದ್ದು ಮಾತ್ರ ಅಲ್ಲ, ಉಮ್ಮನ ಪಾಲು, ಸಹೋದರಿಯರ ಪಾಲು ಕೂಡ ಅದರಲ್ಲಿ ಉಂಟು. ಎಲ್ಲರನ್ನೂ ಕೂರಿಸಿ, ಒಪ್ಪಿಗೆ ಕೇಳಿ, ಲೆಕ್ಕ ಮುಗಿಸಿ, ಆಮೇಲೆ ರಿಪೇರಿಗೆ ಹಣ ಹಾಕುವುದು ಒಳ್ಳೆಯದು. ರಿಪೇರಿ ಆದ ನಂತರ ಶುರುವಾಗುವ ಜಗಳ ತುಕ್ಕಿಗಿಂತ ಕೆಟ್ಟದ್ದು.

15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಶುಲ್ಕ ಈಗ ಸಣ್ಣದಲ್ಲ. 2022ರ ಏಪ್ರಿಲ್‌ನಲ್ಲಿ 600 ರೂ. ಇದ್ದದ್ದು 5,000 ರೂ. ಆಯಿತು, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ರೂ.ಗೆ ಏರಿತು. ಹಸಿರು ತೆರಿಗೆ ಬೇರೆ. ರಿಪೇರಿಯ ಬಜೆಟ್ ಹಾಕುವಾಗಲೇ ಇದನ್ನೂ ಸೇರಿಸಿಕೊಳ್ಳಿ. ‘ವಿಂಟೇಜ್’ ನೋಂದಣಿ ಮಾಡಿಸೋಣ ಎಂದು ಕೆಲವರು ಕೇಳುತ್ತಾರೆ. ಅದು 50 ವರ್ಷ ದಾಟಿದ ವಾಹನಕ್ಕೆ ಮಾತ್ರ, ಅದನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ. ನಮಗೆ ಬೇಕಾದದ್ದು ಅದಲ್ಲ.

ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ಪ್ರೀತಿ ಎಷ್ಟೇ ಇರಲಿ, ಸತ್ಯ ಹೇಳಲೇಬೇಕು. ಮಾರುತಿ 800ರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಅದರ ನಂತರ ಬಂದ ಆಲ್ಟೊ 800 ಕೂಡ 2014ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸೊನ್ನೆ ನಕ್ಷತ್ರ ಪಡೆದಿತ್ತು. ಆದ್ದರಿಂದ ರಾತ್ರಿ ಹೊತ್ತು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ಗಾಡಿ ಇದಲ್ಲ. ಹಿಂದಿನ ಸೀಟಿಗೂ ಬೆಲ್ಟ್ ಹಾಕಿಸಿ, ಮಗುವನ್ನು ಮಡಿಲಲ್ಲಿಟ್ಟು ಮುಂದೆ ಕೂರುವುದು ಬಿಡಿ.

ಆದರೆ ಮಕ್ಕಳನ್ನು ಶಾಲೆಗೆ ಬಿಡಲು, ಉಮ್ಮನನ್ನು ದೇರಳಕಟ್ಟೆಯ ಆಸ್ಪತ್ರೆಗೆ ಕರೆದೊಯ್ಯಲು, ಬಂದರಿನ ಇಕ್ಕಟ್ಟು ಓಣಿಯಲ್ಲಿ ತಿರುಗಿಸಲು ಇದಕ್ಕಿಂತ ಸುಲಭದ ಗಾಡಿ ಸಿಗುವುದು ಕಷ್ಟ. ಓಡಿಸಬೇಕಾದದ್ದು ವರ್ಷಕ್ಕೊಮ್ಮೆ ಬರುವ ಯಜಮಾನರಲ್ಲ, ಮನೆಯಲ್ಲಿರುವವರು. ಹೆಂಡತಿ, ಮಗಳು, ಸೊಸೆ ಯಾರಿಗೆ ಲೈಸೆನ್ಸ್ ಇದೆಯೋ ಕೀಲಿ ಅವರ ಕೈಯಲ್ಲಿರಲಿ. ಇಲ್ಲದಿದ್ದರೆ ಮಾಡಿಸಿಕೊಡಿ. ರಾತ್ರಿ ಎದೆನೋವು ಬಂದಾಗ ಆಟೊಗೆ ಕಾಯುವ ಮನೆಗೂ, ಅಂಗಳದಲ್ಲೇ ಓಡುವ ಗಾಡಿ ಇರುವ ಮನೆಗೂ ವ್ಯತ್ಯಾಸ ಎಂತ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ದಿನಾ ಓಡಿಸುವವರಿಗೆ ನಿಯಮ ಹೆಚ್ಚಿಲ್ಲ. ವಾರಕ್ಕೊಮ್ಮೆ ಆಯಿಲ್, ಕೂಲೆಂಟ್, ಟಯರ್ ಗಾಳಿ ನೋಡಿ. ಕಡಲ ಬದಿಗೆ ಹೋಗಿ ಬಂದರೆ ತಳಕ್ಕೆ ಸಿಹಿನೀರು ಹೊಡೆಯಿರಿ. ಯಾವ ದಿನ ಏನು ಬದಲಿಸಿದ್ದು ಎಂದು ಒಂದು ಪುಸ್ತಕದಲ್ಲಿ ಬರೆದು ಕಾರಿನಲ್ಲೇ ಇಡಿ. ಓಡಿಸಲು ಆಗದ ವಾರದಲ್ಲೂ ಕನಿಷ್ಠ ಎರಡು ಸಲ, ಇಪ್ಪತ್ತು ನಿಮಿಷ ರಸ್ತೆಗೆ ಇಳಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಪ್ರಯೋಜನ ಇಲ್ಲ, ಚಕ್ರ ತಿರುಗಬೇಕು, ಬ್ರೇಕ್ ಕೆಲಸ ಮಾಡಬೇಕು.

ಈ ಸಲ ರಜೆಯಲ್ಲಿ ಬಂದವರು ಪೈಂಟಿನ ಬಣ್ಣ ಆರಿಸುವ ಮೊದಲು ಮ್ಯಾಟ್ ಎತ್ತಿ ನೋಡಲಿ, ಆರ್‌ಸಿಯಲ್ಲಿ ಹೆಸರು ನೋಡಲಿ. ಆಮೇಲೆ ವಾಪಸು ಹೋಗುವಾಗ ಕೀಲಿಯನ್ನು ಕಪಾಟಿನಲ್ಲಿಟ್ಟು ಹೋಗದೆ, ಮನೆಯವರ ಕೈಯಲ್ಲಿ ಕೊಟ್ಟು ಹೋಗಲಿ.