ಮಲ್ಪೆಯ ಸಂತ ಮೇರಿ ದ್ವೀಪಗಳು

ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದುದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಉಡುಪಿಗೆ ಸಮೀಪದ ಮಲ್ಪೆಯ ಕಡಲಿನಲ್ಲಿರುವ ಸಂತ ಮೇರಿ ದ್ವೀಪಗಳ ಶಿಲೆಯಾದರೋ ಬಹಳ ಎಳೆಯದು. ಆದರೂ ಅದರ ವೃತ್ತಾಂತವು ಸೋಜಿಗವಾದುದು.

ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಅಗಲಿದ ಕಾಲದಲ್ಲಿ, ಇಲ್ಲಿ ಶಿಲಾರಸವು ಉಕ್ಕಿ ಹರಿಯಿತು. ಅದು ಆರುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದವರಿಗೆ ಈ ಕ್ರಮವು ಸುಲಭವಾಗಿ ತಿಳಿಯುವುದು. ಬಿರುಕುಗಳು ಆಳಕ್ಕಿಳಿದುದರಿಂದ ಐದಾರು ಮುಖಗಳುಳ್ಳ ಕಲ್ಲುಕಂಬಗಳುಂಟಾದುವು. ಶಿಲ್ಪಿಯು ಕಡೆದಂತೆ ಕಂಡರೂ ಇವನ್ನು ಯಾರ ಉಳಿಯೂ ಮುಟ್ಟಿಲ್ಲ.

ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲಿಯೂ ಇಂಥ ಕಂಬಗಳುಂಟು. ಅಲ್ಲಿ ವಾಸವಾಗಿದ್ದವರು 1800ರ ಸುಮಾರಿಗೆ ಅದನ್ನು ತೊರೆದರು. ನಮ್ಮ ದ್ವೀಪಗಳಲ್ಲಿಯೂ ಜನವಸತಿಯಿಲ್ಲ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಈ ಹೆಸರನ್ನಿಟ್ಟನೆಂದು ಪ್ರತೀತಿ. ದರಿಯಾ ಬಹಾದುರ್‌ಗಢವೆಂಬ ದ್ವೀಪದಲ್ಲಿ ಬಿದನೂರಿನ ಅರಸರು ಕೋಟೆಯನ್ನು ಕಟ್ಟಿಸಿದ್ದರು. ನಾವಿಕನು ಹೋದನು, ಕಾವಲಿನವರೂ ಹೋದರು. ತೆಂಗು, ಚಿಪ್ಪು ತುಂಬಿದ ದಡ, ಕಂಬಗಳು ಉಳಿದಿವೆ.

ಈ ಶಿಲೆಗಳು ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿವೆ. ಆದರೆ ಜನವಸತಿಯಿಲ್ಲದ ಸ್ಥಳಕ್ಕೆ ನೆರೆಹೊರೆಯವರ ಕಣ್ಣಿರುವುದಿಲ್ಲ. ನೋಡಬಂದವರ ವಿವೇಕವೇ ಅದಕ್ಕೆ ಕಾವಲು. ಮುರಿದ ಕಂಬವೊಂದು ಮತ್ತೆ ಬೆಳೆಯಲಾರದು. ಆದುದರಿಂದ, ಮಳೆಗಾಲ ಕಳೆದು ದೋಣಿಗಳು ಹೊರಡುವಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಾಯಿತಂದೆಗಳು ಕಲ್ಲನ್ನು ಓದುವುದನ್ನು ಅವರಿಗೆ ಕಲಿಸಲಿ. ಕಲ್ಲಿನ ಚೂರನ್ನು ಮನೆಗೆ ತರುವುದನ್ನಲ್ಲವೆಂದು ನಾವು ವಿನಯದಿಂದ ಕೋರುತ್ತೇವೆ.