ಸ್ಪ್ರೇಯರ್ ಪಿಸ್ಟನ್ನಿನ ಹದ ಮತ್ತು ಸವೆತ

ಮಳೆಗಾಲಕ್ಕೆ ಮುನ್ನ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ನಾವು ಬಳಸುವ ಪೆಟ್ರೋಲ್ ಸ್ಪ್ರೇಯರುಗಳೇ ಯಾದಗಿರಿ, ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತವೆ. ಆ ಕಡೆ ನಮ್ಮ ಬೆಳೆಗಳಿಲ್ಲ, ಯಂತ್ರ ಮಾತ್ರ ಅದೇ. ಪಿಸ್ಟನ್ ಬೇಗ ಸವೆಯಿತೆಂಬ ದೂರು ಎರಡು ಕಡೆಯೂ ಉಂಟು. ಕಾರಣ ಮಾತ್ರ ಬೇರೆ ಬೇರೆ.

ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಸಾಮಾನ್ಯವಾಗಿ ಅದರಲ್ಲಿ ಶೇಕಡಾ 12ರಷ್ಟು ಸಿಲಿಕಾನ್, ಸ್ವಲ್ಪ ತಾಮ್ರ, ಮೆಗ್ನೀಸಿಯಂ ಇರುತ್ತವೆ. ಎರಕ ಹೊಯ್ದ ಮಾತ್ರಕ್ಕೆ ಪೂರ್ತಿ ಗಟ್ಟಿತನ ಬಾರದು, ಹದ ಕೊಡಬೇಕು. ಈ ಹದ ನಮ್ಮ ಕಮ್ಮಾರನ ಹದದಂತಲ್ಲ. ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೊಡನೆ ಬಿರುಸಾಗುತ್ತದೆ. ಈ ಲೋಹವನ್ನು ಸುಮಾರು 500 ಡಿಗ್ರಿಗೆ ಕಾಯಿಸಿ ಅದ್ದಿದರೆ ಮೊದಲು ಮೆತ್ತಗೇ ಇದ್ದು, ಇಟ್ಟಲ್ಲೇ ನಿಧಾನವಾಗಿ ಗಟ್ಟಿಯಾಗುತ್ತದೆ. ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ 1906ರಲ್ಲಿ ಈ ವಿಚಿತ್ರವನ್ನು ಕಂಡನು. ಪಿಸ್ಟನ್ ತಯಾರಕರು ದಿನಗಟ್ಟಲೆ ಕಾಯದೆ 160ರಿಂದ 200 ಡಿಗ್ರಿ ಕಾವಿನಲ್ಲಿ ಕೆಲವು ಗಂಟೆ ಇಡುತ್ತಾರೆ. ಲೋಹದಲ್ಲಿ ಕರಗಿದ್ದ ತಾಮ್ರ, ಮೆಗ್ನೀಸಿಯಂ ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಎಲ್ಲೆಡೆ ಹರಡಿ, ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ. ಸಿಲಿಕಾನಿನ ಚೂಪು ಚೂರುಗಳೂ ಮೊದಲ ಕಾವಿನಲ್ಲಿ ದುಂಡಗಾಗಿರುವುದರಿಂದ ಸುಲಭವಾಗಿ ಕಿತ್ತುಬರುವುದಿಲ್ಲ. ಸವೆತ ತಗ್ಗುವುದು ಇದರಿಂದ.

ಕಾವು ಮಿತಿಮೀರಿದರೆ ಆ ಸಣ್ಣ ಕಣಗಳು ಕೂಡಿಕೊಂಡು ದಪ್ಪಗಾಗಿ ಹದ ಇಳಿಯುತ್ತದೆ. ಪೆಟ್ರೋಲಿಗೆ ಎಣ್ಣೆ ಕಡಿಮೆ ಬೆರೆಸಿದಾಗ, ಎಂಜಿನ್ ತಣಿಸುವ ರೆಕ್ಕೆಗಳ ಸಂದಿಯಲ್ಲಿ ಸುಣ್ಣ, ಕೆಸರು ಮೆತ್ತಿದಾಗ ನಮ್ಮ ತೋಟಗಳಲ್ಲಿ ಆಗುವುದು ಇದೇ. ಎಂಜಿನ್ ತಣಿದರೂ ಹೋದ ಹದ ಮರಳದು. ವೆಲ್ಡಿಂಗ್ ಮಾಡಿಸಿದ ಭಾಗವೂ ಬೆಸುಗೆಯ ಸುತ್ತ ಮೆತ್ತಗಾಗುತ್ತದೆ. ಹೊರಕವಚಕ್ಕಾದರೆ ಆದೀತು, ಉಜ್ಜಿಕೊಂಡು ಓಡುವ ಭಾಗಕ್ಕೆ ಸರ್ವಥಾ ಬೇಡ.

ಶಹಾಪುರ, ಸುರಪುರದ ಒಣ ಹೊಲಗಳಲ್ಲಿ ದೊಡ್ಡ ಶತ್ರು ಧೂಳು. ಧೂಳಿನಲ್ಲಿರುವ ಮರಳಿನ ಕಣ ಎಂಥ ಹದದ ಅಲ್ಯೂಮಿನಿಯಂಗಿಂತಲೂ ಗಟ್ಟಿ. ಗಾಳಿಯೊಡನೆ ಒಳಹೊಕ್ಕರೆ ಗೀರದೆ ಬಿಡದು. ಅಲ್ಲಿ ಪಿಸ್ಟನ್ ಉಳಿಸುವುದು ಏರ್ ಫಿಲ್ಟರ್. ಹೊಡೆಯುವ ದಿನಗಳಲ್ಲಿ ಅದನ್ನು ದಿನವೂ ಶುಚಿಮಾಡಬೇಕು.

ಗುರುತಿಲ್ಲದ ಅಗ್ಗದ ಪಿಸ್ಟನ್ ಕೊಳ್ಳುವ ಸದಸ್ಯರಿಗೆ ಒಂದು ಮಾತು. ಹದ ಕೊಟ್ಟದ್ದೂ ಕೊಡದ್ದೂ ಬಣ್ಣದಲ್ಲಿ, ತೂಕದಲ್ಲಿ ಒಂದೇ ರೀತಿ ಇರುತ್ತವೆ. ಕೈಯಲ್ಲಿ ಹಿಡಿದು ಯಾರೂ ಹೇಳಲಾರರು. ಆದುದರಿಂದ ತಯಾರಕರ ಮುದ್ರೆ ನೋಡಿ, ರಸೀದಿ ಪಡೆದೇ ಕೊಳ್ಳಿರಿ.