ತುಕ್ಕಿನ ಶಾಸ್ತ್ರವೂ ನಮ್ಮ ಮಕ್ಕಳ ವಿದ್ಯೆಯೂ

ಅಂಕೋಲಾ ತಾಲ್ಲೂಕಿನ ಅವರ್ಸಾದಂತಹ ಕರಾವಳಿ ಊರಿನಲ್ಲಿ ಕಿಟಕಿಯ ಸರಳನ್ನು ಸವರಿದರೆ ಬೆರಳಿಗೆ ಕೆಂಪು ಪುಡಿ ಅಂಟುತ್ತದೆ. ಕಡಲಗಾಳಿಯ ಉಪ್ಪು, ತೇವಗಳು ಕಬ್ಬಿಣವನ್ನು ಅನುದಿನವೂ ಸವೆಸುತ್ತಿರುತ್ತವೆ. ಬಣ್ಣ ಬಳಿದು ಸುಮ್ಮನಾಗುವ ನಮಗೆ ಇದೊಂದು ಗಹನವಾದ ಶಾಸ್ತ್ರವೆಂಬ ಅರಿವಿಲ್ಲ.

ಇದೇ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಪ್ರತಿ ಘಟಕದಲ್ಲಿಯೂ 306 ಒತ್ತಡನಳಿಕೆಗಳು. ಅವು ಜಿರ್ಕೋನಿಯಂಗೆ ಶೇಕಡಾ 2.5ರಷ್ಟು ನಿಯೋಬಿಯಂ ಬೆರೆಸಿದ ಮಿಶ್ರಲೋಹದವು. ಸುಮಾರು 300 ಡಿಗ್ರಿಯವರೆಗೆ ಕಾದ ಭಾರಜಲ ಅವುಗಳೊಳಗೆ ಹರಿಯುವಾಗ ಲೋಹ ಮೆಲ್ಲನೆ ಸವೆಯುತ್ತದೆ. ಆಗ ಹೊರಬೀಳುವ ಡ್ಯೂಟೀರಿಯಂನ ಒಂದಂಶವನ್ನು ತಾನೇ ಹೀರಿಕೊಂಡು ಕಾಲಾಂತರದಲ್ಲಿ ಪೆಡಸಾಗುತ್ತದೆ. ಒಂದನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದುದರ ಹಿಂದೆ ಲೋಹದ ಗುಣವನ್ನು ಬಲ್ಲವರ ಎಚ್ಚರವೂ ಉಂಟು.

ರಸಾಯನಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಎಂ.ಎಸ್ಸಿ. ಮಾಡಿದವರಿಗೂ ಲೋಹಶಾಸ್ತ್ರದ ಇಂಜಿನಿಯರುಗಳಿಗೂ ಈ ಸಂಶೋಧನೆಯ ಬಾಗಿಲು ತೆರೆದಿದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಳಲ್ಲಿ ಲೋಹ ಹಾಗೂ ಪದಾರ್ಥವಿಜ್ಞಾನದ ವಿಭಾಗಗಳಿವೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನ ಕೇಂದ್ರದಲ್ಲಿ ದುಡಿಯುತ್ತಲೇ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯ ಪಿಎಚ್.ಡಿ. ಪಡೆಯಬಹುದು. ಗೇಟ್ ಮೊದಲಾದ ರಾಷ್ಟ್ರೀಯ ಪರೀಕ್ಷೆಗಳು ಪ್ರವೇಶಕ್ಕೆ ದಾರಿ. ಆಯ್ಕೆಯಾದ ಸಂಶೋಧನಾರ್ಥಿಗಳಿಗೆ ಶಿಷ್ಯವೇತನವುಂಟು.

ಪದವಿ ಮುಗಿದೊಡನೆ ಮಗನಿಗೆ ನೌಕರಿ, ಮಗಳಿಗೆ ಮದುವೆ ಎಂದು ಅವಸರಿಸುವ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಸಂಶೋಧನೆ ನಾಲ್ಕಾರು ವರ್ಷಗಳ ತಾಳ್ಮೆಯನ್ನು ಬೇಡುತ್ತದೆ. ಆ ತಾಳ್ಮೆ ಮಕ್ಕಳಲ್ಲಿದ್ದರೆ ಸಾಲದು, ಮನೆಯವರಲ್ಲಿಯೂ ಇರಬೇಕು. ಬಳಸದ ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ಬೆಳೆಸದ ಬುದ್ಧಿಗೂ ಹಿಡಿಯುತ್ತದೆ.